ಮುಳುಗುವವನ ವಿಮಾಪತ್ರ

ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಳ್ಳದೆ, ಒಂದೇ ಒಂದು ಉಸಿರನ್ನು ಎದೆತುಂಬ ಎಳೆದುಕೊಂಡು ಕಡಲಿಗಿಳಿದು, ಅದು ತೀರುವ ಮೊದಲೇ ಮೇಲೆದ್ದು ಬರುವ ವಿದ್ಯೆಗೆ ಈಗ ಫ್ರೀಡೈವಿಂಗ್ ಎಂಬ ಹೆಸರು ಬಂದಿದೆ. ಜಪಾನಿನ ಆಮಾ ಸ್ತ್ರೀಯರು, ಕೊರಿಯಾದ ಜೆಜು ದ್ವೀಪದ ಹೇನ್ಯೊ ತಾಯಂದಿರು, ಮನ್ನಾರ್ ಖಾರಿಯಲ್ಲಿ ಮುತ್ತನ್ನು ಹುಡುಕುತ್ತಿದ್ದವರು ಇವರೆಲ್ಲರೂ ಜೀವನೋಪಾಯಕ್ಕಾಗಿ ಮಾಡುತ್ತ ಬಂದ ಈ ಕಾರ್ಯವನ್ನು ನಾನು ಕೇವಲ ಆನಂದಕ್ಕಾಗಿ ಮಾಡುವವನು. ಆ ಆನಂದದ ಯಾತ್ರೆಗೆ ಹೊರಡುವ ಮುನ್ನ ಪ್ರವಾಸವಿಮೆಯನ್ನು ಆರಿಸಿಕೊಳ್ಳುವ ಕೆಲಸವನ್ನು ಬೇಸರದ ವ್ಯವಹಾರವೆಂದು ನಾನು ಎಂದೂ ಬಗೆದಿಲ್ಲ. ಅದು ಈ ವಿದ್ಯೆಯ ಪ್ರಥಮಾಂಗವೆಂದೇ ನನ್ನ ದೃಢವಾದ ಭಾವನೆ.

ಈಜಿಪ್ಟ್ ದೇಶದ ಸಿನಾಯ್ ಪರ್ಯಾಯದ್ವೀಪದಲ್ಲಿ, ಅಕಾಬಾ ಖಾರಿಯ ದಡದ ಮೇಲೆ, ದಹಬ್ ಎಂಬ ಊರುಂಟು. ಬೋಳುಬೆಟ್ಟಗಳು ಕಡಲಂಚಿನವರೆಗೂ ಬಂದು ನಿಂತಿರುವ ಆ ತೀರದಲ್ಲಿ, ದಡದಿಂದ ಕೆಲವೇ ಮಾರು ದೂರದಲ್ಲಿ, ಹವಳದ ದಿಬ್ಬದ ನಡುವೆ ಸುಮಾರು 100 ಮೀಟರ್ ಆಳದ ನೀಲಿಯ ಮಡುವಿದೆ. ಬ್ಲೂ ಹೋಲ್ ಎಂದರೆ ಈ ವಿದ್ಯೆಯವರೆಲ್ಲರಿಗೂ ಗೊತ್ತು. ಅಲ್ಲಿ ತೇಲುವ ಬೋಯಿಯೊಂದರಿಂದ ಹಗ್ಗವನ್ನು ನೇರವಾಗಿ ಕೆಳಕ್ಕೆ ಇಳಿಬಿಟ್ಟಿರುತ್ತಾರೆ. ಮಣಿಕಟ್ಟಿನ ಪಟ್ಟಿಯನ್ನು ಆ ಹಗ್ಗಕ್ಕೆ ಸಿಕ್ಕಿಸಿ, ನೀರಿನಲ್ಲಿ ಮುಖವಿಟ್ಟು, ಮನಸ್ಸಿನ ಗಲಭೆ ತಾನಾಗಿ ಅಡಗುವವರೆಗೆ ಸಾವಧಾನವಾಗಿ ಉಸಿರಾಡುತ್ತ ಕಾದು, ಕಡೆಯ ದೀರ್ಘಶ್ವಾಸವನ್ನು ಎಳೆದು ತಲೆಕೆಳಗಾಗಿ ಇಳಿಯಬೇಕು. ಮೊದಲ 10 ಮೀಟರಿನಲ್ಲಿಯೇ ಒತ್ತಡ ಇಮ್ಮಡಿಯಾಗಿ ಶ್ವಾಸಕೋಶದ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. 30 ಮೀಟರಿನಲ್ಲಿ ಕಾಲುಭಾಗಕ್ಕೆ. ಕಿವಿಯೊಳಗಿನ ಒತ್ತಡವನ್ನು ಮತ್ತೆ ಮತ್ತೆ ಸಮಗೊಳಿಸುತ್ತ ಹೋದಂತೆ ಹೃದಯದ ಬಡಿತ ಮಂದವಾಗುತ್ತದೆ, ಕೈಕಾಲುಗಳ ರಕ್ತ ಎದೆಯ ಕಡೆಗೆ ಸರಿಯುತ್ತದೆ, ಗುಲ್ಮವು ತಾನು ಕೂಡಿಟ್ಟ ಕೆಂಪು ಕಣಗಳನ್ನು ರಕ್ತಕ್ಕೆ ಬಿಟ್ಟುಕೊಡುತ್ತದೆ. ಮುಂದೆ ಒಂದು ಆಳದಲ್ಲಿ ದೇಹದ ತೇಲುವ ಗುಣವೇ ಅಳಿದು, ಕಾಲಾಡಿಸದೆ, ಕೈಬೀಸದೆ, ಸುಮ್ಮನೆ ಕೆಳಗೆ ಜಾರತೊಡಗುವ ಆ ಹೊತ್ತಿನ ಸುಖವನ್ನು ಬಲ್ಲವನು ಮತ್ತೆ ಮತ್ತೆ ಅಲ್ಲಿಗೆ ಹೋಗದೆ ಇರಲಾರನು. 1976ರಲ್ಲಿ ಎಲ್ಬಾ ದ್ವೀಪದ ಬಳಿ 100 ಮೀಟರ್ ಆಳವನ್ನು ಮುಟ್ಟಿದ ಫ್ರೆಂಚ್ ಮುಳುಗುಗಾರ ಜಾಕ್ ಮಾಯೋಲನನ್ನು ನಾವು ಗುರುವಿನಂತೆ ನೆನೆಯುವುದು ಆ ಸುಖದ ಕಾರಣದಿಂದಲೇ ಹೊರತು ಬರಿಯ ಅಂಕಿಯ ಕಾರಣದಿಂದಲ್ಲ.

ಅಪಾಯವಿರುವುದು ಹೆಚ್ಚಾಗಿ ಹಿಂತಿರುಗುವ ಹಾದಿಯಲ್ಲಿ. ಮೇಲಕ್ಕೆ ಬಂದಂತೆಲ್ಲ ಒತ್ತಡ ಇಳಿಯುವುದರಿಂದ, ಎದೆಯಲ್ಲುಳಿದ ಅಲ್ಪ ಪ್ರಾಣವಾಯುವಿನ ಬಲವೂ ಥಟ್ಟನೆ ಕುಗ್ಗಿ, ಕಡೆಯ ಕೆಲವು ಮೀಟರುಗಳಲ್ಲಿ, ಒಮ್ಮೊಮ್ಮೆ ನೀರಿನಿಂದ ತಲೆಯೆತ್ತಿದ ಮೇಲೆಯೂ, ಪ್ರಜ್ಞೆ ತಪ್ಪಬಹುದು. ಆದುದರಿಂದಲೇ ಜೊತೆಗಾರನು ನಡುನೀರಿಗೆ ಇಳಿದು ಬಂದು ಎದುರುಗೊಳ್ಳುತ್ತಾನೆ. ಮೇಲೆ ಬಂದ ಬಳಿಕವೂ ಮುಖದಿಂದ ಕಣ್ಣು ಕೀಳುವುದಿಲ್ಲ. ಇಂಥ ಪೂರ್ವಾಲೋಚನೆಯನ್ನು ಉಸಿರಿಗೊಂದು ನಿಯಮವೆಂಬಂತೆ ಕಲಿತವನು, ವಿಮೆಯ ಮಾತು ಬಂದಾಗ ಮಾತ್ರ ಕಣ್ಣುಮುಚ್ಚಿ ಸಹಿ ಹಾಕುವುದು ಹೇಗೆ ಯುಕ್ತವಾದೀತು?

ಕಡಲಿಗೂ ಗಂಡಾಂತರದ ಲೆಕ್ಕಕ್ಕೂ ಇರುವ ನಂಟು ಬಹು ಪ್ರಾಚೀನವಾದುದು. ಸಾಲ ತೆಗೆದುಕೊಂಡು ಅಡವಿಯ ದಾರಿಯಲ್ಲಿ ವ್ಯಾಪಾರಕ್ಕೆ ಹೋಗುವವನು ನೂರಕ್ಕೆ ಹತ್ತರಂತೆಯೂ ಕಡಲ ಮೇಲೆ ಹೋಗುವವನು ನೂರಕ್ಕೆ ಇಪ್ಪತ್ತರಂತೆಯೂ ಬಡ್ಡಿ ತೆರತಕ್ಕದ್ದೆಂದು ಯಾಜ್ಞವಲ್ಕ್ಯ ಸ್ಮೃತಿ ವಿಧಿಸುತ್ತದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದ ವಿಜ್ಞಾನೇಶ್ವರನು ತನ್ನ ಮಿತಾಕ್ಷರದಲ್ಲಿ, ಅಸಲೇ ಮುಳುಗಿಹೋಗುವ ಶಂಕೆಯಿರುವುದೇ ಅದಕ್ಕೆ ಕಾರಣವೆಂದು ಬಿಡಿಸಿ ಹೇಳಿದ್ದಾನೆ. ಇಂದು ವಿಮಾಸಂಸ್ಥೆ ಕೇಳುವ ಹೆಚ್ಚಿನ ಪ್ರೀಮಿಯಂ ಅದೇ ನ್ಯಾಯದ ಸಂತಾನ. ನಾನು ಅದನ್ನು ತೆರಲು ಹಿಂಜರಿಯೆ. ತೆತ್ತ ಹಣಕ್ಕೆ ದೊರೆತದ್ದೇನೆಂಬುದು ಮಾತ್ರ ನನಗೆ ಸ್ಪಷ್ಟವಾಗಬೇಕು.

ಅದು ಸ್ಪಷ್ಟವಾಗುವುದು ಪಾಲಿಸಿಯ ಕೊನೆಕೊನೆಯ ಪುಟಗಳಲ್ಲಿ, ಯಾವುದಕ್ಕೆ ಪರಿಹಾರವಿಲ್ಲವೆಂಬುದನ್ನು ಸಣ್ಣಕ್ಷರದಲ್ಲಿ ಮುದ್ರಿಸಿರುವ ಎಡೆಯಲ್ಲಿ. ಸಾಹಸಕ್ರೀಡೆಗಳ ಪಟ್ಟಿಯಲ್ಲಿ ಸ್ಕೂಬಾ ಇರುತ್ತದೆ, ಅದಕ್ಕೆ 30 ಮೀಟರಿನಂಥ ಮಿತಿಯೂ ಇರುತ್ತದೆ. ಫ್ರೀಡೈವಿಂಗ್ ಎಷ್ಟೋ ಪಟ್ಟಿಗಳಲ್ಲಿ ಇಲ್ಲವೇ ಇಲ್ಲ. ಒಂದು ಕಂಪನಿಗೆ ಫೋನು ಮಾಡಿದಾಗ, ಆ ಕಡೆಯ ಹುಡುಗಿ ಬಹು ಸೌಜನ್ಯದಿಂದ, “ವಾಟರ್ ಸ್ಪೋರ್ಟ್ಸ್ ಎಲ್ಲಾ ಕವರ್ ಆಗುತ್ತೆ ಸರ್” ಎಂದಳು. ನಾನು ಅಷ್ಟಕ್ಕೆ ಬಿಡದೆ ಪತ್ರ ಬರೆದೆ: ಉಸಿರಾಟದ ಯಾವ ಉಪಕರಣವೂ ಇಲ್ಲದೆ, ಹಗ್ಗವನ್ನು ಅನುಸರಿಸಿ, ತರಬೇತಾದ ಶಿಕ್ಷಕನ ಸಮ್ಮುಖದಲ್ಲಿ, 30 ಮೀಟರಿನವರೆಗೆ ಇಳಿಯುವಾಗ ಕಿವಿಗೋ ಶ್ವಾಸಕೋಶಕ್ಕೋ ಆದ ಗಾಯಕ್ಕೆ ಪರಿಹಾರ ಉಂಟೋ ಇಲ್ಲವೋ? ನಾಲ್ಕಾರು ದಿನಗಳ ತರುವಾಯ ಬಂದ ಉತ್ತರದಲ್ಲಿ, ಇಲ್ಲವೆಂದು ಇತ್ತು. ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ಆದರೆ ಗಾಯಗೊಂಡು ಪರದೇಶದ ಆಸ್ಪತ್ರೆಯಲ್ಲಿ ಮಲಗಿದವನಿಗೆ ಫೋನಿನ ಮಾತು ನೆರವಿಗೆ ಬಾರದು, ಲಿಖಿತವಾದುದೊಂದೇ ಬರುತ್ತದೆ.

ಉಂಟೆಂದು ಉತ್ತರ ಬಂದರೂ ಓದು ಅಲ್ಲಿಗೆ ಮುಗಿಯುವುದಿಲ್ಲ. ಸ್ಪರ್ಧೆಯನ್ನೂ ದಾಖಲೆಯ ಪ್ರಯತ್ನವನ್ನೂ ಬಹುಪಾಲು ಪಾಲಿಸಿಗಳು ಹೊರಗಿಡುತ್ತವೆ. ಒಬ್ಬನೇ ಮುಳುಗುವುದನ್ನೂ ಹೊರಗಿಡುವುದುಂಟು, ಇದು ನನಗೆ ಸರ್ವಥಾ ಸಮ್ಮತ. ಆಳದಲ್ಲಿ ಶ್ವಾಸಕೋಶ ಹಿಂಡಿಹೋಗಿ ಕೆಮ್ಮಿನಲ್ಲಿ ರಕ್ತ ಕಂಡವನನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವ ವೆಚ್ಚ ಯಾರದು, ಸಾಗಿಸುವ ಮುನ್ನ ಯಾವ ಸಂಖ್ಯೆಗೆ ಕರೆಮಾಡಿ ಒಪ್ಪಿಗೆ ಪಡೆಯಬೇಕು ಎಂಬುದು ಮುಖ್ಯವಾದ ವಿಷಯ. ಅಧಿಕ ಒತ್ತಡದ ಚಿಕಿತ್ಸಾಕೋಣೆ ಸ್ಕೂಬಾದವರಿಗೆ ಮಾತ್ರ ಬೇಕಾದುದೆಂದು ಭಾವಿಸುವವರುಂಟು, ಅದು ಸರಿಯಲ್ಲ. ಪಾಲಿನೇಷ್ಯಾದ ತುಆಮೋತು ದ್ವೀಪಗಳಲ್ಲಿ ಮುತ್ತಿಗಾಗಿ ದಿನವಿಡೀ ಮೇಲಿಂದ ಮೇಲೆ ಮುಳುಗುತ್ತಿದ್ದವರನ್ನು ಕಾಡಿದ ತಾರಾವಾನಾ ಎಂಬ ವ್ಯಾಧಿ, ರಕ್ತದಲ್ಲಿ ನೈಟ್ರೋಜನ್ನಿನ ಗುಳ್ಳೆ ಕಟ್ಟುವ ಜಾತಿಯದೇ. ಎರಡು ಮುಳುಗುಗಳ ನಡುವೆ ಸಾಕಷ್ಟು ವಿಶ್ರಮಿಸಬೇಕೆಂಬ ನಿಯಮಕ್ಕೆ ಇದೂ ಒಂದು ಕಾರಣ.

ಇಂಥ ಅಪಘಾತಗಳಿಗಾಗಿಯೇ ಮುಳುಗುವವರ ಸಂಸ್ಥೆಗಳು ನೀಡುವ ವಿಶೇಷ ವಿಮೆಯುಂಟು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ 1980ರಲ್ಲಿ ಆರಂಭವಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅವುಗಳಲ್ಲಿ ಪ್ರಸಿದ್ಧವಾದುದು. ಆದರೆ ನೀರಿನ ಅಪಘಾತಕ್ಕೆಂದೇ ಇರುವ ಇಂಥ ವಿಮೆ, ಕಳೆದುಹೋದ ಪೆಟ್ಟಿಗೆಗೋ ತಪ್ಪಿಹೋದ ವಿಮಾನಕ್ಕೋ ಹೊಟ್ಟೆಯ ಕಾಯಿಲೆಗೋ ಆಗುತ್ತದೆಂದು ನಂಬಿ ಹೊರಡುವಂತಿಲ್ಲ. ನನ್ನ ತೀರ್ಮಾನ ಇದು: ಎರಡೂ ಬೇಕು. ಸಾಮಾನ್ಯ ಪ್ರವಾಸವಿಮೆಯೊಂದು, ಮುಳುಗುವುದಕ್ಕೆಂದೇ ಇನ್ನೊಂದು.

ಈ ಹವ್ಯಾಸದ ಗೆಳೆಯರಲ್ಲಿ ನನ್ನದೊಂದು ಪ್ರಾರ್ಥನೆಯಿದೆ. ಅರ್ಜಿಯಲ್ಲಿ ನಿಮ್ಮ ನಿಜವಾದ ಆಳವನ್ನೇ ಬರೆಯಿರಿ. ಹಳೆಯ ಕಿವಿನೋವನ್ನೂ ಉಬ್ಬಸವನ್ನೂ ಮರೆಮಾಚಬೇಡಿರಿ. ಲಿಖಿತ ಉತ್ತರ ಕೈಸೇರುವವರೆಗೆ ಹಣ ಕಟ್ಟಬೇಡಿರಿ. ಪಾಲಿಸಿಯ ಒಂದು ಪ್ರತಿಯನ್ನು, ತುರ್ತು ಕರೆಯ ಸಂಖ್ಯೆಯ ಸಹಿತ, ನಿಮ್ಮ ಜೊತೆಗಾರನ ಕೈಗೆ ಕೊಟ್ಟಿರಿ. ಅದನ್ನು ತೆರೆದು ಓದಬೇಕಾದ ಗಳಿಗೆಯಲ್ಲಿ ಓದುವವನು ಅವನೇ.