ಹಾಕಿದ ಆಕ್ಸಿಜನ್ ತೆಗೆಯುವುದೇಕೆ?

ಉತ್ಕರ್ಷಣ, ಅಪಕರ್ಷಣಗಳನ್ನು ಹತ್ತನೆಯ ತರಗತಿಯಲ್ಲಿ ತಾಮ್ರದ ಪುಡಿಯಿಂದ ಕಲಿಸುತ್ತೇವೆ. ಕಾಯಿಸಿದರೆ ಆಕ್ಸಿಜನ್ ಸೇರಿ ಪುಡಿ ಕಪ್ಪಾಗುತ್ತದೆ. ಬಿಸಿಯಿರುವಾಗ ಹೈಡ್ರೋಜನ್ ಹಾಯಿಸಿದರೆ ಮತ್ತೆ ಕಂದಾಗುತ್ತದೆ. ಸಮೀಕರಣಕ್ಕೆ ಇಷ್ಟು ಸಾಕು. ಆದರೆ ಆಕ್ಸಿಜನ್ ಸೇರಿಸಿ ತೆಗೆದು ಏನು ಸಿಕ್ಕಿತು ಎಂಬುದು ಮಕ್ಕಳಿಗೆ ತಿಳಿಯುವುದಿಲ್ಲ. ಆದ್ದರಿಂದ ಮೇಲವಂಕಿಯ ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸ ಮಾಡುವಾಗ ಪಾಠಯೋಜನೆಗೆ ಗ್ರಾಫೀನ್ ಸೇರಿಸಿಕೊಂಡೆ.

ಮೊದಲು ಚಟುವಟಿಕೆ. ಕಾಗದದ ಮೇಲೆ 6ಬಿ ಪೆನ್ಸಿಲ್ಲಿನಿಂದ ದಪ್ಪ ಗೆರೆ ಎಳೆದು, 9 ವೋಲ್ಟ್ ಬ್ಯಾಟರಿಗೂ ಎಲ್‌ಇಡಿಗೂ ನಡುವೆ ಅದನ್ನೇ ತಂತಿಯಂತೆ ಬಳಸಿದೆವು. ದೀಪ ಸಣ್ಣಗೆ ಉರಿಯಿತು. ಗ್ರಾಫೈಟಿನ ಪ್ರತಿ ಕಾರ್ಬನ್ ಪರಮಾಣು ಮೂರು ಕಾರ್ಬನ್‌ಗಳೊಡನೆ ಬಂಧ ಹೊಂದಿದೆ; ನಾಲ್ಕನೆಯ ಎಲೆಕ್ಟ್ರಾನ್ ಪದರದುದ್ದಕ್ಕೂ ಓಡಾಡುತ್ತದೆ. ಅಂಥ ಒಂದೇ ಪದರ ಗ್ರಾಫೀನ್. 2004ರಲ್ಲಿ ಗೀಮ್ ಮತ್ತು ನೊವೊಸೆಲೊವ್ ಅಂಟುಪಟ್ಟಿಯಿಂದ ಅದನ್ನು ಬಿಡಿಸಿ ತೋರಿಸಿದರು. 2010ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಅಂಟುಪಟ್ಟಿಯಿಂದ ಹೆಚ್ಚು ಪ್ರಮಾಣದಲ್ಲಿ ತಯಾರಿಸಲಾಗದು.

ಅದಕ್ಕೆ ರಾಸಾಯನಿಕ ದಾರಿಯಿದೆ. 1958ರಲ್ಲಿ ಹಮ್ಮರ್ಸ್ ಮತ್ತು ಆಫ್‌ಮನ್ ಪ್ರಕಟಿಸಿದ ವಿಧಾನದಲ್ಲಿ ಸಾರಯುಕ್ತ ಸಲ್ಫ್ಯೂರಿಕ್ ಆಮ್ಲ, ಸೋಡಿಯಂ ನೈಟ್ರೇಟ್, ಪೊಟ್ಯಾಷಿಯಂ ಪರ್ಮಾಂಗನೇಟ್ ಸೇರಿಸಿ ಗ್ರಾಫೈಟನ್ನು ಉತ್ಕರ್ಷಿಸುತ್ತಾರೆ. ಸಿಗುವ ಗ್ರಾಫೈಟ್ ಆಕ್ಸೈಡಿನಲ್ಲಿ ವಿದ್ಯುತ್ ಹರಿಯುವುದಿಲ್ಲ ಎನ್ನುವಷ್ಟು ಕಡಿಮೆ. ಆಮೇಲೆ ಹೈಡ್ರಜೀನ್ ಅಥವಾ ವಿಟಮಿನ್ ಸಿ ಬಳಸಿ ಆಕ್ಸಿಜನ್ ತೆಗೆಯುತ್ತಾರೆ.

"ತಗಿಯೂದ ಇದ್ರ ಹಾಕೂದ್ಯಾಕ್ರೀ ಸರ್?" ಎಂದಳು ಒಬ್ಬ ಹುಡುಗಿ.

ಇಡೀ ಪಾಠ ಆ ಪ್ರಶ್ನೆಯಲ್ಲಿತ್ತು. ಆಕ್ಸಿಜನ್ ಗುಂಪುಗಳು ಸೇರಿದರೆ ಪದರಗಳ ನಡುವಿನ ಅಂತರ ಸುಮಾರು ಎರಡು ಪಟ್ಟಾಗುತ್ತದೆ, ನೀರು ಒಳಹೊಕ್ಕು ಪದರಗಳು ಬಿಡಿಬಿಡಿಯಾಗುತ್ತವೆ. ಬಿಡಿಸುವ ಕೆಲಸ ಮುಗಿದ ಮೇಲೆ ಎಲೆಕ್ಟ್ರಾನ್‌ಗಳ ಹಾದಿ ತೆರೆಯಲು ಆಕ್ಸಿಜನ್ ತೆಗೆಯಬೇಕು. ಬಿಸಿಯಿಂದಲೂ ಇದು ಸಾಧ್ಯ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಅವರ ತಂಡ ಗ್ರಾಫೈಟ್ ಆಕ್ಸೈಡನ್ನು ಕಾಯಿಸಿ ಪದರ ಬಿಡಿಸಿ ಗ್ರಾಫೀನ್ ತಯಾರಿಸಿದೆ.

"ಹಂಗಾರ ಮೊದಲಿನಂಗ ಆಗತೈತೇನ್ರೀ?" ಎಂದು ಇನ್ನೊಬ್ಬ ಕೇಳಿದ. ಪೂರ್ತಿ ಆಗುವುದಿಲ್ಲ. ಸ್ವಲ್ಪ ಆಕ್ಸಿಜನ್ ಉಳಿಯುತ್ತದೆ, ಕಾರ್ಬನ್ ಜಾಲದಲ್ಲಿ ಅಲ್ಲಲ್ಲಿ ತೂತುಗಳಾಗಿರುತ್ತವೆ. ವಾಹಕತೆ ಬಹಳಷ್ಟು ಮರಳಿದರೂ ಅಂಟುಪಟ್ಟಿಯ ಗ್ರಾಫೀನಿನಷ್ಟಾಗದು. ಅಪಕರ್ಷಣವೆಂದರೆ ಹಳೆಯ ಸ್ಥಿತಿಗೆ ಮರಳುವುದು ಎಂಬ ಮಕ್ಕಳ ತಿಳಿವಳಿಕೆ ಅಲ್ಲಿ ತಿದ್ದಿತು. ತಾಮ್ರದ ಪುಡಿಯೊಂದೇ ಇದ್ದಿದ್ದರೆ ಈ ಪ್ರಶ್ನೆ ಏಳುತ್ತಿರಲಿಲ್ಲ.

ಸಹಪಾಠಿಗಳಿಗೆ ಎರಡು ಮಾತು: ಹಮ್ಮರ್ಸ್ ವಿಧಾನದಲ್ಲಿ ಸ್ಫೋಟದ ಅಪಾಯವಿದೆ, ಶಾಲೆಯಲ್ಲಿ ಹೇಳಬೇಕೇ ಹೊರತು ಮಾಡಬಾರದು; ಪೆನ್ಸಿಲ್ ಗೆರೆ ಸಾಕು. ಸಮೀಕರಣ ಬರೆದ ಮೇಲೆ ಐದು ನಿಮಿಷ "ಯಾಕೆ" ಎಂಬ ಪ್ರಶ್ನೆಗೆ ಬಿಡಿ.