ಕುದಿಯುವ ಹಾಲು, ಮಜ್ಜಿಗೆ ಹನಿ

ಬಿ.ಎ. ಎರಡನೆಯ ವರ್ಷಕ್ಕೆ ಕವಿರಾಜಮಾರ್ಗದ ಮೊದಲ ಪರಿಚ್ಛೇದ ಪಠ್ಯ. ರಜೆಯಲ್ಲಿ ಓದಿ ಟಿಪ್ಪಣಿ ಬರೆದುಕೊಂಡು ಬರಬೇಕೆಂದು ಸರ್ ಅಪ್ಪಣೆ ಕೊಡಿಸಿದ್ದರು. ಪುಸ್ತಕ ಚೀಲಕ್ಕೆ ಹಾಕಿಕೊಂಡು ವಿಜಯಪುರದಿಂದ ನಮ್ಮೂರು ಗುಡ್ಡಾಪುರದ ಬಸ್ಸು ಹತ್ತಿದೆ. ಅಲಂಕಾರಶಾಸ್ತ್ರವೆಂದರೆ ಉಪಮೆ, ರೂಪಕಗಳ ಯಾದಿ ಎಂದುಕೊಂಡಿದ್ದವನು ನಾನು. ಕವಿರಾಜಮಾರ್ಗ ಬರೆದ ಒಂಬತ್ತನೆಯ ಶತಮಾನದ ಶ್ರೀವಿಜಯ ಒಡವೆ ತೋರಿಸುವ ಮೊದಲೇ ದೋಷ ಎಣಿಸಲು ಕುಳಿತಿದ್ದ. ಹೆಣ್ಣು ನೋಡಲು ಬಂದ ಹಿರಿಯರ ಹಾಗೆ. ಒಂದು ಸಮಾಧಾನವಿತ್ತು: ಕಾವೇರಿಯಿಂದ ಗೋದಾವರಿಯವರೆಗೆ ಎನ್ನುವ ಅವನ ಅಳತೆಯಲ್ಲಿ ನಮ್ಮೂರು ಕನ್ನಡನಾಡಿನ ಒಳಗೇ ಬೀಳುತ್ತದೆ. ಇಂದಿನ ನಕ್ಷೆಯಲ್ಲಿ ಮಾತ್ರ ಹೊರಗೆ: 1956ರಲ್ಲಿ ವಿಜಯಪುರ ಮೈಸೂರು ರಾಜ್ಯಕ್ಕೆ ಹೋದಾಗ ನಮ್ಮ ಜತ್ತ ತಾಲೂಕು ಮುಂಬಯಿ ರಾಜ್ಯಕ್ಕೇ ಉಳಿಯಿತು.

ಆ ಸಮಾಧಾನ ಬಹಳ ಹೊತ್ತು ನಿಲ್ಲಲಿಲ್ಲ. ಸಂಸ್ಕೃತವನ್ನೂ ಕನ್ನಡವನ್ನೂ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ ಎನ್ನುತ್ತಾನೆ ಮಹಾರಾಯ. ವ್ಯಾಕರಣದ ತರಗತಿಯಲ್ಲಿ ಇಂಥ ಬೆರಕೆಗೆ, ಅಂದರೆ ಅರಿಸಮಾಸಕ್ಕೆ, ಕೊಡುತ್ತಿದ್ದ ಉದಾಹರಣೆ ‘ಮಂಗಳಾರತಿ’ ನೆನಪಾಯಿತು. ಅದನ್ನು ಹಿಂದಿನವರು ಒಪ್ಪಿದ್ದಾರೆಂದು ವೈಯಾಕರಣರು ಬಿಟ್ಟುಕೊಟ್ಟಿದ್ದಾರೆ, ನಮ್ಮೂರ ದಾನಮ್ಮದೇವಿ ಪುಣ್ಯ. ಇಲ್ಲದಿದ್ದರೆ ಅವಳ ಗುಡಿಯಲ್ಲಿ ದಿನಾ ಬೆಳಗುವುದೇ ದೋಷವಾಗುತ್ತಿತ್ತು. ಆದರೆ ನಮ್ಮ ಮನೆಯ ಮಾತು? ಅಪ್ಪ ಆಗಷ್ಟೇ ಹೊರಗಿನಿಂದ ಕೂಗಿದ್ದ: “ತಲಾಠಿ ಕಡಿಂದ ಸಾತಬಾರಾ ತಗೊಂಡ ಬಾರೋ, ಏಕದಮ್ ಅರ್ಜಂಟ ಐತಿ.” ಮರಾಠಿಯ ಸಾತಬಾರಾಕ್ಕೆ ವಿಜಯಪುರದ ಗೆಳೆಯರು ಪಹಣಿ ಅನ್ನುತ್ತಾರೆ. ಶ್ರೀವಿಜಯ ಹೇಳಿದ್ದು ಸಮಾಸದ ಮಾತು, ಅಪ್ಪನದು ಬರೀ ವಾಕ್ಯ. ಅಷ್ಟು ಬೇರ್ಪಡಿಸಿ ನೋಡುವ ಬುದ್ಧಿ ಆಗ ನನಗಿರಲಿಲ್ಲ. ನಮ್ಮದೆಲ್ಲ ಒಡೆದ ಹಾಲೇ ಎಂದು ಮುಖ ಸಣ್ಣದು ಮಾಡಿ ಕುಳಿತೆ.

ಆಯಿ ಒಲೆಯಿಂದ ಹಾಲಿನ ಪಾತ್ರೆ ಇಳಿಸುತ್ತಿದ್ದಳು. ಪದ್ಯದ ಅರ್ಥ ಹೇಳಿದೆ.

“ಕುದಿಯೂ ಹಾಲಿಗೆ ಯಾವ ಹುಚ್ಚ ಮಜ್ಜಿಗಿ ಹಾಕ್ತಾನೋ? ಒಡೀತೈತಿ, ಖರೇನ. ಆರಾಕ ಬಿಡಬೇಕು.”

ಬಿಟ್ಟಳು. ಒಂದಿಷ್ಟು ಹೊತ್ತಾದ ಮೇಲೆ ಕಿರುಬೆರಳು ಅದ್ದಿ ನೋಡಿದಳು, ಇನ್ನೂ ತಡಿ ಅಂದಳು. ಮತ್ತೆ ಅದ್ದಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು, ಗಡಿಗೆಯಿಂದ ಅರ್ಧ ಚಮಚ ಮಜ್ಜಿಗೆ ಬಿಟ್ಟು ಮುಚ್ಚಿಟ್ಟಳು. ಬೆಳಿಗ್ಗೆ ಗಟ್ಟಿ ಮೊಸರು.

ಟಿಪ್ಪಣಿಯಲ್ಲಿ ಹೆಪ್ಪಿನ ವಿಚಾರವನ್ನೂ ಸೇರಿಸಿದೆ. ಸರ್ ಕೆಂಪು ಶಾಯಿಯಲ್ಲಿ ಬರೆದರು: ‘ಇದು ಮೂಲದಲ್ಲಿಲ್ಲ.’ ಇಲ್ಲವೇ ಇಲ್ಲ, ತಪ್ಪು ನನ್ನದೇ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಊರಿಗೆ ಹೋದಾಗ ಆಯಿಗೆ ಹೇಳಿದೆ.

“ಹಂಗಾರ,” ಅಂದಳು, “ಆ ಕವಿ ಮನ್ಯಾಗ ಹೆಪ್ಪ ಯಾರ ಹಾಕತಿದ್ರು ಕೇಳು.”