ಜಡದ ಮುಂದೆ ಕುಳಿತವರು

ಹಣ್ಣು, ಹೂಜಿ, ಬಟ್ಟಲು, ಶೀಸೆ, ಒಣಗಿದ ಹೂವು. ಇಂಥ ಅಲುಗದ ವಸ್ತುಗಳನ್ನು ಮುಂದಿಟ್ಟುಕೊಂಡು ಬರೆದ ಚಿತ್ರಗಳಿಗೆ ಯೂರೋಪಿನ ಭಾಷೆಗಳು ಎರಡು ಬಗೆಯ ಹೆಸರನ್ನಿಟ್ಟಿವೆ. ಡಚ್ಚರು ‘ಸ್ಟಿಲೆವೆನ್’ ಎಂದರು. ಇಂಗ್ಲಿಷಿನ ‘ಸ್ಟಿಲ್ ಲೈಫ್’ ಅದರಿಂದಲೇ ಬಂದುದು. ನಿಶ್ಚಲವಾದ ಜೀವ ಎಂದು ಅದರ ಭಾವ. ಫ್ರೆಂಚರು ‘ನಾತ್ಯೂರ್ ಮೋರ್ತ್’ ಎಂದರು, ಇಟಲಿಯವರು ‘ನಾತೂರ ಮೋರ್ತ’ ಎಂದರು. ಸತ್ತ ಪ್ರಕೃತಿ ಎಂದು ಇದರ ಅರ್ಥ. ಒಂದೇ ವಸ್ತು, ಒಬ್ಬರಿಗೆ ಅದು ಸುಮ್ಮನಿರುವ ಜೀವ, ಇನ್ನೊಬ್ಬರಿಗೆ ಹೆಣ. ಹೆಸರಿನಲ್ಲಿಯೇ ಅಡಗಿರುವ ಈ ಭಿನ್ನತೆಯನ್ನು ಸಾಮಾನ್ಯವೆಂದು ಬಿಟ್ಟುಬಿಡುವಂತಿಲ್ಲ. ಜಡವೆಂಬುದು ವಸ್ತುವಿನ ಗುಣವೋ, ನೋಡುವವನ ಕಣ್ಣಿನ ಗುಣವೋ?

ಪಂಡಿತರು ಈ ಕಲೆಯನ್ನು ಬಹುಕಾಲ ಕೀಳೆಂದೇ ಎಣಿಸಿದರು. 1667ರಲ್ಲಿ ಫ್ರಾನ್ಸಿನ ಆಂದ್ರೆ ಫೆಲಿಬಿಯಾನ್ ಚಿತ್ರಕಲೆಯ ಪ್ರಕಾರಗಳಿಗೆ ಮೇಲುಕೀಳಿನ ಶ್ರೇಣಿಯನ್ನು ಕಟ್ಟಿಕೊಟ್ಟರು. ಪುರಾಣ ಮತ್ತು ಚರಿತ್ರೆಯ ಮಹಾಪುರುಷರನ್ನು ಬರೆಯುವವನಿಗೆ ಎಲ್ಲಕ್ಕಿಂತ ಎತ್ತರದ ಪೀಠ. ಹಣ್ಣು, ಚಿಪ್ಪುಗಳನ್ನು ಬರೆಯುವವನಿಗೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಯುದ್ಧವನ್ನು ಬರೆದವನು ದೊಡ್ಡವನು, ತಾಮ್ರದ ಪಾತ್ರೆಯನ್ನು ಬರೆದವನು ಸಣ್ಣವನು ಎಂಬ ಈ ಲೆಕ್ಕ ಎಷ್ಟು ಪೊಳ್ಳೆಂಬುದನ್ನು ಬಡಗಿಯ ಮಗನಾದ ಶಾರ್ದ್ಯಾನ್ ತೋರಿಸಿಕೊಟ್ಟರು. 1728ರಲ್ಲಿ ಅದೇ ಪ್ಯಾರಿಸಿನ ಅಕಾಡೆಮಿ ಅವರನ್ನು ಪ್ರಾಣಿ ಮತ್ತು ಹಣ್ಣುಗಳ ಚಿತ್ರಕಾರನೆಂದೇ ಸದಸ್ಯನನ್ನಾಗಿ ಸ್ವೀಕರಿಸಿತು. ಆ ಶ್ರೇಣಿಯ ಎತ್ತರದಲ್ಲಿ ಮೆರೆದ ಎಷ್ಟೋ ಹೆಸರುಗಳನ್ನು ಇಂದು ಕೇಳುವವರಿಲ್ಲ.

ಇದಕ್ಕೂ ಹಿಂದಿನ ಒಬ್ಬರ ಬಾಳು ಇನ್ನೂ ಹೆಚ್ಚಿನ ವಿಚಾರಕ್ಕೆ ಎಡೆಮಾಡಿಕೊಡುತ್ತದೆ. ಸ್ಪೇನಿನ ತೊಲೆದೊ ನಗರದಲ್ಲಿ ನೆಲೆಸಿದ್ದ ಹ್ವಾನ್ ಸಾಂಚೆಸ್ ಕೋತಾನ್ (1560–1627) ಸುಮಾರು 1602ರಲ್ಲಿ ಒಂದು ಚಿತ್ರವನ್ನು ಬರೆದರು. ಕಿಟಕಿಯಂಥ ಒಂದು ಚೌಕಟ್ಟು, ಅದರ ಹಿಂದೆ ಕಡುಗತ್ತಲು. ದಾರದಲ್ಲಿ ತೂಗುವ ಒಂದು ಕ್ವಿನ್ಸ್ ಹಣ್ಣು, ಅದಕ್ಕಿಂತ ಕೆಳಗೆ ತೂಗುವ ಒಂದು ಎಲೆಕೋಸು, ಕಟ್ಟೆಯ ಮೇಲೆ ಹೆಚ್ಚಿದ ಕರ್ಬೂಜ, ಅದರ ಒಂದು ಹೋಳು, ಅಂಚಿನಿಂದ ಹೊರಚಾಚಿದ ಒಂದು ಸೌತೆಕಾಯಿ. ಇಷ್ಟೇ. ಮೇಲಿನಿಂದ ಕೆಳಕ್ಕೆ ಬಾಗಿ ಇಳಿಯುವ ಒಂದೇ ರೇಖೆಯಲ್ಲಿ ಅವು ನಿಂತಿವೆ. ಕೆಡದಿರಲೆಂದು ಕಾಯಿಪಲ್ಲೆಗಳನ್ನು ದಾರಕ್ಕೆ ತೂಗುಹಾಕುವುದು ಅಂದಿನ ಮನೆಗಳ ರೂಢಿ. ಆದರೆ ಆ ಎಲೆಕೋಸಿನ ಮೇಲೆ ಬಿದ್ದ ಬೆಳಕು ಅಡುಗೆಮನೆಯ ಬೆಳಕಲ್ಲ. ಇಂದು ಆ ಚಿತ್ರ ಅಮೆರಿಕದ ಸ್ಯಾನ್ ಡಿಯಾಗೊ ಕಲಾಸಂಗ್ರಹಾಲಯದಲ್ಲಿದೆ.

1603ರಲ್ಲಿ ಕೋತಾನ್ ತಮ್ಮ ಲೌಕಿಕ ವ್ಯವಹಾರಗಳನ್ನೆಲ್ಲ ಮುಗಿಸಿ ತೊಲೆದೊವನ್ನು ತೊರೆದರು. ಮೌನವ್ರತಕ್ಕೆ ಹೆಸರಾದ ಕಾರ್ತೂಸಿಯನ್ ಪಂಥವನ್ನು, ಪಾದ್ರಿಯಾಗಿಯಲ್ಲ, ಸೇವೆಯ ಸಹೋದರನಾಗಿ ಸೇರಿದರು. ಗ್ರನಾದದ ಆ ಸನ್ಯಾಸಿಗಳ ಆಶ್ರಮದಲ್ಲಿ ಅವರು ಸಂತರ, ಪಂಥದ ಸ್ಥಾಪಕರ ಚಿತ್ರಗಳನ್ನು ಬರೆದರು. ಅಲ್ಲಿಯ ಊಟದ ಮನೆಯ ಗೋಡೆಯ ಮೇಲೆ ಅವರು ಬರೆದ ಮರದ ಶಿಲುಬೆಯನ್ನು ನಿಜವೆಂದು ಭ್ರಮಿಸಿ ಹಕ್ಕಿಗಳು ಕೂರಲು ಬರುತ್ತಿದ್ದುವೆಂಬ ಕಥೆಯೂ ಇದೆ. ಆದರೂ ನಿಷ್ಪಕ್ಷಪಾತವಾಗಿ ನೋಡಿದರೆ, ಅವರ ಸಂತರ ಚಿತ್ರಗಳು ಆ ಕಾಲದ ನೂರಾರು ಸಂತರ ಚಿತ್ರಗಳಂತೆಯೇ ಇವೆ. ಎಲೆಕೋಸಿನಂಥ ಎಲೆಕೋಸನ್ನು ಮಾತ್ರ ಮತ್ತೊಬ್ಬರು ಬರೆಯಲಿಲ್ಲ. ದೇವರನ್ನು ಅರಸಿ ಮನೆಬಿಟ್ಟು ಹೋದವರು ದೈವತ್ವದ ಹತ್ತಿರಕ್ಕೆ ಹೋಗಿದ್ದು ಮನೆಬಿಡುವ ಮೊದಲೇ, ಒಂದು ತರಕಾರಿಯ ಮುಂದೆ ಕುಳಿತಿದ್ದಾಗಲೇ ಎನಿಸಿದರೆ ಅದು ತಪ್ಪೆನ್ನಲಾಗದು.

ಮನೆಯನ್ನು ಬಿಡದೆಯೇ ಕುಳಿತವರೂ ಇದ್ದಾರೆ. ಇಟಲಿಯ ಬೊಲೊನ್ಯ ನಗರದ ಜೋರ್ಜೊ ಮೊರಾಂದಿ (1890–1964) ಅಂಥವರು. 1909ರಲ್ಲಿ ತಂದೆ ತೀರಿಕೊಂಡರು. ಅನಂತರ ಫೊಂದಾತ್ಸ ಬೀದಿಯ ಮನೆಯೊಂದರಲ್ಲಿ ತಾಯಿ ಮತ್ತು ಮೂವರು ತಂಗಿಯರೊಡನೆ ಅವರ ಬಾಳು ಸಾಗಿತು. ಅವರು ಮದುವೆಯಾಗಲಿಲ್ಲ, ತಂಗಿಯರೂ ಆಗಲಿಲ್ಲ. ಮಲಗುವ ಕೋಣೆಯೇ ಚಿತ್ರ ಬರೆಯುವ ಕೋಣೆ. ಒಂಟಿ ಮಂಚ, ಅಂಗಳದ ಕಡೆಗೊಂದು ಕಿಟಕಿ, ಬೇರೆಬೇರೆ ಎತ್ತರದ ಮೇಜುಗಳು, ಅವುಗಳ ಮೇಲೂ ನೆಲದ ಮೇಲೂ ಶೀಸೆ, ಹೂಜಿ, ತಗಡಿನ ಡಬ್ಬಿ, ಎಣ್ಣೆದೀಪ. ಮೊದಲು ಪ್ರಾಥಮಿಕ ಶಾಲೆಗಳಲ್ಲಿ ಚಿತ್ರಕಲೆಯ ಮೇಷ್ಟರಾಗಿದ್ದರು. 1930ರಿಂದ 1956ರವರೆಗೆ ಬೊಲೊನ್ಯದ ಕಲಾ ಅಕಾಡೆಮಿಯಲ್ಲಿ ಎಚಿಂಗ್ ಕಲೆಯನ್ನು, ಎಂದರೆ ಲೋಹದ ಫಲಕದ ಮೇಲೆ ಗೆರೆಗಳನ್ನು ಆಮ್ಲದಿಂದ ಕೊರೆಯಿಸಿ ಮುದ್ರಿಸುವ ವಿದ್ಯೆಯನ್ನು ಕಲಿಸಿದರು. ಕಲಾವಿದರ ಕಾಶಿಯಾದ ಪ್ಯಾರಿಸಿಗೆ ಹೋಗಿ ನೆಲೆಸುವ ಹಂಬಲ ಅವರನ್ನು ಕಾಡಲಿಲ್ಲ. ಇಟಲಿಯ ಗಡಿಯನ್ನು ಮೊದಲ ಬಾರಿಗೆ ದಾಟಿದ್ದು 1956ರಲ್ಲಿ, ಅದೂ ನೆರೆಯ ಸ್ವಿಟ್ಜರ್‌ಲೆಂಡಿಗೆ.

ಅವರ ಕೆಲಸದ ರೀತಿ ತಾಳ್ಮೆಯೆಂಬ ಮಾತಿಗೆ ಬೇರೆಯೇ ಅರ್ಥವನ್ನು ಕೊಡುತ್ತದೆ. ಪೇಟೆಯಿಂದ ತಂದ ಶೀಸೆ, ಡಬ್ಬಿಗಳ ಹೆಸರಿನ ಚೀಟಿಗಳನ್ನು ಕಿತ್ತುಹಾಕುತ್ತಿದ್ದರು. ಗಾಜು ಹೊಳೆಯಬಾರದೆಂದು ಕೆಲವಕ್ಕೆ ಹೊಳಪಿಲ್ಲದ ಬಣ್ಣವನ್ನು ಬಳಿಯುತ್ತಿದ್ದರು. ಅವುಗಳ ಮೇಲೆ ಕುಳಿತ ಧೂಳನ್ನು ಒರೆಸುತ್ತಿರಲಿಲ್ಲ. ಬೆಳಕನ್ನು ಮೆದುವಾಗಿಸಲು ಅದೂ ಬೇಕಿತ್ತು. (ಮನೆಯನ್ನು ಒಪ್ಪವಾಗಿಟ್ಟ ಮೂವರು ತಂಗಿಯರು ಆ ಧೂಳನ್ನು ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆಂಬುದು ಅಣ್ಣನ ತಾಳ್ಮೆಗಿಂತ ಕಡಿಮೆಯದೇನಲ್ಲ.) ಯಾವ ಶೀಸೆಯ ಪಕ್ಕದಲ್ಲಿ ಯಾವ ಡಬ್ಬಿ, ಅವೆರಡರ ನಡುವೆ ಎಷ್ಟು ತೆರಪು ಎಂಬುದನ್ನು ತೀರ್ಮಾನಿಸಲು ದಿನಗಳು, ವಾರಗಳು ಹಿಡಿಯುತ್ತಿದ್ದವು. ಆಮೇಲೆ ಬರೆಯುವುದು ಬೇಗ. ಹೀಗೆ ಅವರು ಬಿಟ್ಟುಹೋದ ತೈಲಚಿತ್ರಗಳು ಸಾವಿರಕ್ಕೂ ಹೆಚ್ಚು. ಬೇಸಗೆಯಲ್ಲಿ ಗ್ರಿಜ್ಜಾನ ಎಂಬ ಬೆಟ್ಟದೂರಿನಲ್ಲಿ ಬರೆದ ನಿಸರ್ಗಚಿತ್ರಗಳನ್ನೂ ಕೆಲವು ಹೂವಿನ ಚಿತ್ರಗಳನ್ನೂ ಬಿಟ್ಟರೆ ಉಳಿದವುಗಳಲ್ಲಿ ಅದದೇ ಶೀಸೆಗಳು. ನೋಡುವವರಿಗೆ ಬೇಸರವಾಗಬೇಕಿತ್ತು, ಆಗುವುದಿಲ್ಲ. ಒಂದು ಚಿತ್ರದಲ್ಲಿ ಶೀಸೆಗಳು ಜಾತ್ರೆಯಲ್ಲಿ ಕೈಬಿಡಲೊಲ್ಲದ ಮಕ್ಕಳಂತೆ ಒತ್ತಿಕೊಂಡು ನಿಂತಿವೆ. ಮತ್ತೊಂದರಲ್ಲಿ ಒಂದರ ಅಂಚು ಇನ್ನೊಂದರಲ್ಲಿ ಕರಗಿ, ಯಾವುದು ವಸ್ತು ಯಾವುದು ಬಯಲು ಎಂದು ತಿಳಿಯದಂತಾಗಿದೆ.

ಇಷ್ಟನ್ನೇ ಹೇಳಿ ಮೊರಾಂದಿಯವರನ್ನು ಸಂತರ ಸಾಲಿನಲ್ಲಿ ಕೂರಿಸಿಬಿಡುವುದು ಸುಲಭ. ಹಲವರು ಹಾಗೆ ಮಾಡಿದ್ದಾರೆ. ಆದರೆ ಸತ್ಯಕ್ಕೆ ಅಂಜುವುದು ಭಕ್ತಿಯಲ್ಲ. 1928ರಲ್ಲಿ ಬೊಲೊನ್ಯದ ಫ್ಯಾಸಿಸ್ಟ್ ಪತ್ರಿಕೆಯೊಂದಕ್ಕೆ ಬರೆದುಕೊಟ್ಟ ಆತ್ಮಪರಿಚಯದಲ್ಲಿ ಅವರು ಫ್ಯಾಸಿಸಂ ಬಗೆಗಿನ ತಮ್ಮ ವಿಶ್ವಾಸವನ್ನು ಹೇಳಿಕೊಂಡಿದ್ದರು. ಅಕಾಡೆಮಿಯ ಹುದ್ದೆ ಬಂದಿದ್ದೂ ಆ ಆಡಳಿತದ ಕಾಲದಲ್ಲಿಯೇ. ಹದಿನೈದು ವರ್ಷಗಳ ತರುವಾಯ, 1943ರಲ್ಲಿ, ಫ್ಯಾಸಿಸ್ಟ್ ವಿರೋಧಿ ಗೆಳೆಯರ ಒಡನಾಟದ ಕಾರಣಕ್ಕೆ ಅವರೇ ಬಂಧನಕ್ಕೊಳಗಾಗಿ ಕೆಲವು ದಿನ ಸೆರೆಯಲ್ಲಿದ್ದರು. ಬಿಡುಗಡೆಯಾದ ಮೇಲೆ ತಂಗಿಯರೊಡನೆ ಗ್ರಿಜ್ಜಾನಕ್ಕೆ ಹೋದರು. 1944ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಮಾರ್ಜಬೊತ್ತೊ, ಗ್ರಿಜ್ಜಾನ, ಮೊನ್ಜುನೊ ಪ್ರದೇಶದ ಅದೇ ಬೆಟ್ಟಸಾಲಿನಲ್ಲಿ ನಾಜಿ ಪಡೆಗಳು ಹೆಂಗಸರು, ಮಕ್ಕಳೆನ್ನದೆ ಸುಮಾರು 770 ಜನರನ್ನು ಕೊಂದವು.

ಆ ವರ್ಷಗಳ ಮೊರಾಂದಿಯವರ ಚಿತ್ರಗಳಲ್ಲಿ ರಕ್ತವಿಲ್ಲ, ಹೊಗೆಯಿಲ್ಲ. 1943ರಲ್ಲಿ ಅವರು ಬರೆದದ್ದು ಮೇಜಿನ ಮೇಲಿನ ಸಮುದ್ರದ ಚಿಪ್ಪುಗಳನ್ನು. ಲೋಕ ಹೊತ್ತಿ ಉರಿಯುವಾಗ ಚಿಪ್ಪುಗಳ ಮುಂದೆ ಕುಳಿತವನ ತನ್ಮಯತೆಯನ್ನು ಏನೆಂದು ಕರೆಯಬೇಕು? ಹೇಡಿತನವೆಂದವರುಂಟು. ಅಂಥವರ ಮಾತನ್ನು ತಳ್ಳಿಹಾಕುವಂತಿಲ್ಲ. ಬೆಟ್ಟದ ಮೇಲೆ ಸತ್ತವರ ಪರವಾಗಿ ಕೇಳುವ ಪ್ರಶ್ನೆಯದು. ಆದರೆ ಇನ್ನೊಂದನ್ನೂ ಗಮನಿಸಬೇಕು. ಆ ಕಾಲದಲ್ಲಿ ಗೋಡೆಗೋಡೆಯ ಮೇಲೆ ದೊಡ್ಡ ಮಾತುಗಳ, ದೊಡ್ಡ ಎದೆಗಳ, ಎತ್ತಿದ ಕೈಗಳ ಚಿತ್ರಗಳು ಬೇಕಾಗಿದ್ದವು, ಬರೆದುಕೊಟ್ಟವರೂ ಇದ್ದರು. ಮೊರಾಂದಿಯವರ ಮಾತು ಒಮ್ಮೆ ಆ ಕಡೆಗೆ ವಾಲಿದರೂ ಅವರ ಕುಂಚ ವಾಲಲಿಲ್ಲ. ಬಾಯಿ ಸೋತ ಕಡೆಯಲ್ಲಿ ಕೈ ಸೋಲದೆ ನಿಂತಿತು. ಇದು ಅವರ 1928ರ ಮಾತನ್ನು ಅಳಿಸಿಬಿಡುತ್ತದೆಯೆಂದಲ್ಲ. ಎರಡೂ ಒಬ್ಬನೇ ಮನುಷ್ಯನವು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಆ ಶೀಸೆಗಳನ್ನು ನೋಡಬೇಕಾಗಿದೆ.

ಯುದ್ಧ ಮುಗಿದ ಮೇಲೆ ಕೀರ್ತಿ ಬಂತು. 1948ರಲ್ಲಿ ವೆನಿಸ್ಸಿನ ಬಿಯೆನಾಲೆಯ ಪ್ರಶಸ್ತಿ, 1957ರಲ್ಲಿ ಬ್ರೆಜಿಲಿನ ಸಾವೊ ಪಾವ್ಲೊ ಬಿಯೆನಾಲೆಯಲ್ಲಿ ಚಿತ್ರಕಲೆಯ ಮಹಾಪ್ರಶಸ್ತಿ. ಕೊನೆಯ ವರ್ಷಗಳ ಜಲವರ್ಣಗಳಲ್ಲಿ ವಸ್ತುಗಳು ಬಹುಮಟ್ಟಿಗೆ ಕಾಣೆಯಾಗಿವೆ. ಬಣ್ಣದ ಒಂದೆರಡು ಕಲೆಗಳ ನಡುವೆ ಬಿಟ್ಟ ಬಿಳಿ ಕಾಗದವೇ ಶೀಸೆಯಾಗಿ ನಿಂತಿದೆ. 1964ರ ಜೂನ್ ತಿಂಗಳಲ್ಲಿ ಅದೇ ಮನೆಯಲ್ಲಿ ಅವರು ತೀರಿಕೊಂಡರು. ಕಿರಿಯ ತಂಗಿ ಮಾರಿಯ ತೆರೇಸಾ ಅಣ್ಣನ ಕೃತಿಗಳನ್ನು ಬೊಲೊನ್ಯ ನಗರಕ್ಕೆ ದಾನಮಾಡಿದರು. 1993ರಲ್ಲಿ ಅವರ ಹೆಸರಿನ ಸಂಗ್ರಹಾಲಯ ತೆರೆಯಿತು. ಫೊಂದಾತ್ಸ ಬೀದಿಯ ಮನೆ 2009ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು.

ಅದೇ ವರ್ಷ ಬ್ರಿಟಿಷ್ ಕಲಾವಿದೆ ಟಾಸಿಟಾ ಡೀನ್ ಆ ಕೋಣೆಯಲ್ಲಿ ಎರಡು ಚಲನಚಿತ್ರಗಳನ್ನು ತೆಗೆದರು. ಒಂದರಲ್ಲಿ ಶೀಸೆ, ಡಬ್ಬಿಗಳಿವೆ. ‘ಸ್ಟಿಲ್ ಲೈಫ್’ ಎಂಬ ಹೆಸರಿನ ಇನ್ನೊಂದರಲ್ಲಿ ವಸ್ತುಗಳೇ ಇಲ್ಲ. ಮೇಜಿನ ಮೇಲೆ ಹಾಸಿದ್ದ ಕಾಗದ ಮಾತ್ರ ಇದೆ. ಯಾವ ಶೀಸೆ ಎಲ್ಲಿ ನಿಲ್ಲಬೇಕೆಂದು ಮೊರಾಂದಿ ಪೆನ್ಸಿಲಿನಲ್ಲಿ ಎಳೆದಿಟ್ಟ ಗುರುತುಗಳು ಅದರ ತುಂಬ, ಒಂದರ ಮೇಲೊಂದು ಬಿದ್ದಿವೆ.